ಹಿಂದಕ್ಕೆ ನಡೆದು ಗೆಲ್ಲುವವರು

ನಮ್ಮ ಪತ್ರಿಕೆಗಳಲ್ಲಿ ಹಗ್ಗಜಗ್ಗಾಟ ಎಂಬ ಪದಕ್ಕೆ ಬಿಡುವೇ ಇಲ್ಲ. ಮಂತ್ರಿಗಿರಿಗೆ ಹಗ್ಗಜಗ್ಗಾಟ, ಟಿಕೆಟ್ಟಿಗೆ ಹಗ್ಗಜಗ್ಗಾಟ, ನದಿ ನೀರಿಗಾಗಿ ಎರಡು ರಾಜ್ಯಗಳ ಹಗ್ಗಜಗ್ಗಾಟ. ಆದರೆ ನಿಜವಾದ ಹಗ್ಗ ಹಿಡಿದು ನಿಜವಾಗಿ ಜಗ್ಗುವವರ ಸುದ್ದಿ ಬರುವುದು ಸ್ಥಳೀಯ ಪುಟದ ಕೆಳಮೂಲೆಯಲ್ಲಿ, ಅದೂ ಬಹುಮಾನ ಕೊಟ್ಟ ಗಣ್ಯರ ಹೆಸರುಗಳೆಲ್ಲ ಮುಗಿದ ಮೇಲೆ. ದಕ್ಷಿಣ ಕನ್ನಡದಲ್ಲಿ ಊರೂರಿಗೆ ಇದರ ಪಂದ್ಯಾಟಗಳಿವೆ. ಆಟಿ ತಿಂಗಳ ಕೆಸರುಗದ್ದೆಯ ಕ್ರೀಡಾಕೂಟದಲ್ಲಿ, ಅಷ್ಟಮಿಯ ಮೊಸರುಕುಡಿಕೆಯಲ್ಲಿ, ಮಳೆ ಬಿಟ್ಟ ಮೇಲೆ ಹೊನಲು ಬೆಳಕಿನಲ್ಲಿ. ಬಸ್ ನಿಲ್ದಾಣದ ಗೋಡೆಯ ಮೇಲಿನ ಪೋಸ್ಟರುಗಳಲ್ಲಿ ಬಹುಮಾನದ ಮೊತ್ತ ಸಾಮಾನ್ಯವಾಗಿ 5,555 ಅಥವಾ 3,333 ಎಂದಿರುತ್ತದೆ. ಒಂದೇ ಅಂಕಿಯನ್ನು ನಾಲ್ಕು ಸಲ ಬರೆದರೆ ಹಣ ಹೆಚ್ಚು ಕಾಣುತ್ತದೆಯೋ ಏನೋ.

ಇದೇ ಆಟ ಒಂದು ಕಾಲದಲ್ಲಿ ಒಲಿಂಪಿಕ್ಸ್‌ನಲ್ಲಿತ್ತು ಎಂದರೆ ನಗುವವರಿದ್ದಾರೆ. 1900ರ ಪ್ಯಾರಿಸ್‌ನಿಂದ 1920ರ ಆಂಟ್‌ವರ್ಪ್‌ವರೆಗೆ ಐದು ಕೂಟಗಳಲ್ಲಿ ಇತ್ತು. 1908ರ ಲಂಡನ್ ಕೂಟದಲ್ಲಿ ಮೂರೂ ಪದಕಗಳು ಬ್ರಿಟನ್ನಿನ ಪೊಲೀಸ್ ತಂಡಗಳಿಗೇ ಹೋದವು. ದಿನವಿಡೀ ಬೂಟು ಹಾಕಿ ನಡೆಯುವವರ ಕಾಲಿಗೆ ಈ ಆಟ ಚೆನ್ನಾಗಿ ಒಗ್ಗಿರಬೇಕು. ನಾನು ಬಲ್ಲ ತಂಡದವರೂ ದಿನವಿಡೀ ಕಾಲ ಮೇಲೆ ನಿಲ್ಲುವವರೇ, ಇಬ್ಬರನ್ನು ಬಿಟ್ಟು. ಆ ಇಬ್ಬರು ದಿನವಿಡೀ ಕೂತು ಬೀಡಿ ಕಟ್ಟುತ್ತಾರೆ.

ತಂಡ ಕೊಡಿಯಾಲ್‌ಬೈಲಿನದು. ಏಳು ಜನ ಹೆಂಗಸರು, ಜೊತೆಗೆ ಹಗ್ಗ ಮುಟ್ಟದೆ ಬದಿಯಲ್ಲಿ ನಿಂತು ಕೂಗುವ ಒಬ್ಬರು.

ಕೊಡಿಯಾಲ್‌ಬೈಲನ್ನು ಕಂಡವರಿಗೆ ಅಲ್ಲಿ ಹಗ್ಗ ಎಳೆಯುವಷ್ಟು ಜಾಗ ಎಲ್ಲಿದೆ ಎಂಬ ಪ್ರಶ್ನೆ ಬರುವುದು ಸಹಜ. ಒಂದು ಕಡೆ ಕಾಲೇಜುಗಳು, ಒಂದು ಕಡೆ ಬಿಷಪ್ ಹೌಸ್, ಜೈಲಿನ ಎತ್ತರದ ಗೋಡೆ, ಆಸ್ಪತ್ರೆ, ಬಟ್ಟೆಯಂಗಡಿಗಳು, ಉಳಿದಲ್ಲೆಲ್ಲ ಹತ್ತು ಹನ್ನೆರಡು ಮಾಳಿಗೆಯ ವಸತಿ ಸಮುಚ್ಚಯಗಳು. ಕೊಂಕಣಿಗರಿಗೆ ಮಂಗಳೂರು ಕೊಡಿಯಾಲ್. ಬೈಲು ಎಂದರೆ ಗದ್ದೆಬಯಲು. ಹೆಸರಿನಲ್ಲಿ ಮಾತ್ರ ಗದ್ದೆ ಉಳಿದಿದೆ. ಚಿತ್ರದುರ್ಗದ ಕಡೆಯಿಂದ ಬಂದ ನನಗೆ ಇದು ಮೊದಮೊದಲು ತಮಾಷೆಯಾಗಿ ಕಂಡಿತ್ತು. ನಮ್ಮಲ್ಲಿ ಬಯಲು ಎಂದರೆ ಕಣ್ಣು ಹಾಯುವಷ್ಟು ದೂರ ಏನೂ ಇಲ್ಲದ್ದು. ಇಲ್ಲಿ ಬೈಲು ಎಂದರೆ ಕಿಟಕಿ ತೆರೆದರೆ ಎದುರು ಮನೆಯವರ ಅಡುಗೆ ಮನೆ.

ನನ್ನ ಸಂಶೋಧನೆ ಕರಾವಳಿಯ ದುಡಿಮೆಯ ಹಾಡುಗಳ ಮೇಲೆ. ನಾಟಿ ಮಾಡುವಾಗ ತುಳುವ ಹೆಂಗಸರು ಹಾಡುತ್ತಿದ್ದ ಓಬೇಲೆ ಮತ್ತು ಕಬಿತಗಳು, ದೋಣಿ ಎಳೆಯುವವರ ಐಲೇಸಾ, ಇಂಥವು. ಕೊಣಾಜೆಯ ಕ್ಯಾಂಪಸ್ಸಿನಲ್ಲಿ ನೋಂದಣಿ, ಪೇಟೆಯ ಕಾಲೇಜೊಂದರಲ್ಲಿ ವಾರಕ್ಕೆ ಕೆಲವು ತರಗತಿ, ಕೊಡಿಯಾಲ್‌ಬೈಲಿನ ಹಳೆಯ ಹಂಚಿನ ಮನೆಯ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ. ಹಾಡುಗಳನ್ನು ಬಲ್ಲವರನ್ನು ಹುಡುಕಿ ಮೂಲ್ಕಿ, ಬಜಪೆ, ಕೈಕಂಬ ಎಂದು ತಿರುಗುತ್ತಿದ್ದೆ. ಒಂದು ದಿನ ಮನೆಯೊಡತಿ, ‘ನಮ್ಮ ಹಿಂದಿನ ಗಲ್ಲಿಯ ಅಜ್ಜಿ ಚಿಕ್ಕಂದಿನಲ್ಲಿ ನಾಟಿಗೆ ಹೋಗುತ್ತಿದ್ದವರು, ಅವರನ್ನು ಕೇಳಿ’ ಎಂದರು. ಕೇಳಿದೆ. ಅಜ್ಜಿಗೆ ಅರವತ್ತೆರಡು ವರ್ಷ. ಅಜ್ಜಿ ಅನ್ನುವ ಹಾಗೇನೂ ಇರಲಿಲ್ಲ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ‘ಹಾಡು ಗೀಡು ಈಗ ನೆನಪಿಲ್ಲ. ಭಾನುವಾರ ಸಂಜೆ ಬನ್ನಿ, ಹಲಸಿನ ಮರದ ಹತ್ತಿರ ಇರುತ್ತೇನೆ’ ಎಂದರು.

ಹಲಸಿನ ಮರ ಇದ್ದದ್ದು ಒಂದು ಪಾಳುಬಿದ್ದ ಮನೆಯ ಹಿತ್ತಿಲಿನಲ್ಲಿ. ವಾರಸುದಾರರ ವ್ಯಾಜ್ಯ ಮುಗಿಯದ ಕಾರಣ ಇನ್ನೂ ಕಟ್ಟಡ ಏಳದೆ ಉಳಿದ ಜಾಗ. ಕೊಂಬೆಗೆ ರಾಟೆ ಕಟ್ಟಿ, ಅದರ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಮರಳು ತುಂಬಿದ ಡ್ರಮ್ಮನ್ನು ಬಿಗಿದಿದ್ದರು. ಇನ್ನೊಂದು ತುದಿಯಲ್ಲಿ ಸೊಂಟಕ್ಕೆ ಶಾಲು ಬಿಗಿದ ಏಳು ಹೆಂಗಸರು. ಡ್ರಮ್ಮು ನೆಲ ಬಿಟ್ಟು ಮೊಣಕಾಲೆತ್ತರಕ್ಕೆ ಏರಿ ಅಲ್ಲಿಯೇ ನಡುಗುತ್ತ ನಿಂತಿತ್ತು. ಯಾರೂ ಎಳೆಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ‘ಬುಡಡೆ, ಬುಡಡೆ’ ಎನ್ನುತ್ತಿದ್ದರು ಅಜ್ಜಿ, ತೀರಾ ಮೆಲ್ಲನೆ, ಮಗುವಿಗೆ ಲಾಲಿ ಹಾಡುವವರ ಹಾಗೆ. ಬಿಡಬೇಡಿ, ಬಿಡಬೇಡಿ.

ವಿರಾಮದಲ್ಲಿ ಒಬ್ಬರು ನನ್ನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ, ‘ನೀವೆಷ್ಟು ಕೆ.ಜಿ.?’

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಮದುವೆ ಆಗಿದೆಯಾ ಎಂದೂ ಕೇಳಲಿಲ್ಲ. ಸಂಶೋಧನೆಗೆ ಹೋದಲ್ಲೆಲ್ಲ ಆ ಕೊನೆಯ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿದ್ದ ನನಗೆ ಇದು ಹಿತವೆನಿಸಿತು. ನಲವತ್ತೇಳು ಎಂದೆ. ಏಳು ಜನವೂ ಒಟ್ಟಿಗೆ ನಕ್ಕರು. ‘ಹಾಗಾದರೆ ನೀವು ನೀರಿನ ಬಾಟಲಿ ಹಿಡಿಯಿರಿ.’ ಅಂದಿನಿಂದ ತಂಡದಲ್ಲಿ ನನ್ನ ಕೆಲಸ ಅದೇ.

ಹೊರಗಿನಿಂದ ನೋಡುವವರಿಗೆ ಇದು ತೋಳಿನ ಆಟ. ವಾಸ್ತವದಲ್ಲಿ ಇದು ಹಿಮ್ಮಡಿಯ ಆಟ. ಹಗ್ಗದ ಎರಡೂ ತುದಿಯಲ್ಲಿ ಸೆಳೆತ ಹೆಚ್ಚುಕಡಿಮೆ ಒಂದೇ ಇರುತ್ತದೆ. ಯಾರು ನೆಲವನ್ನು ಹೆಚ್ಚು ಗಟ್ಟಿಯಾಗಿ ಒದೆಯುತ್ತಾರೋ ಅವರು ಗೆಲ್ಲುತ್ತಾರೆ. ಬೆನ್ನು ನೆಟ್ಟಗಿರಬೇಕು, ಮೈ ಹಿಂದಕ್ಕೆ ಒರಗಬೇಕು, ಕಾಲು ಎದುರಿಗೆ ಚಾಚಿರಬೇಕು. ಅಂತರರಾಷ್ಟ್ರೀಯ ನಿಯಮದಲ್ಲಿ ತಂಡಕ್ಕೆ ಎಂಟು ಜನ. ಕೇರಳದ ವಡಂವಲಿಯಂತೆ ನಮ್ಮಲ್ಲಿಯೂ ಏಳು ಜನ ಎಳೆಯುವುದು ರೂಢಿ. ಹಗ್ಗದ ನಡುವಿನ ಗುರುತನ್ನು ನಾಲ್ಕು ಮೀಟರ್ ತಮ್ಮ ಕಡೆಗೆ ತಂದವರಿಗೆ ಒಂದು ಗೆಲುವು, ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಕೈಗವಸು ಇಲ್ಲ. ಹಗ್ಗಕ್ಕೆ ಗಂಟು ಹಾಕುವಂತಿಲ್ಲ. ಕಟ್ಟಕಡೆಯವರನ್ನು ಆ್ಯಂಕರ್ ಎನ್ನುತ್ತಾರೆ, ಹಗ್ಗವನ್ನು ಮೈ ಮೇಲೆ ಹಾಯಿಸಿಕೊಳ್ಳುವ ಅವಕಾಶ ಅವರೊಬ್ಬರಿಗೆ. ಉಳಿದವರು ಹಗ್ಗವನ್ನು ಕಂಕುಳಲ್ಲಿ ಹಾಯಿಸಿ ಅಂಗೈಯಲ್ಲಷ್ಟೇ ಹಿಡಿಯಬೇಕು. ನೆಲಕ್ಕೆ ಕೂತರೆ ತಪ್ಪು. ಕೂತು ಜಾರುತ್ತ ಹುಟ್ಟು ಹಾಕಿದಂತೆ ಎಳೆದರೂ ತಪ್ಪು.

ಈ ಆಟದ ಹೆಚ್ಚಿನ ಹೊತ್ತು ಏನೂ ನಡೆಯುವುದಿಲ್ಲ. ಎರಡು ತಂಡಗಳೂ ಒರಗಿ ನಿಂತಿರುತ್ತವೆ, ಗುರುತು ಅತ್ತ ಒಂದು ಬೆರಳು, ಇತ್ತ ಒಂದು ಬೆರಳು ಸರಿಯುತ್ತದೆ. ನೋಡುವವರು ‘ಎಳೀರಿ’ ಎಂದು ಬೊಬ್ಬೆ ಹೊಡೆಯುತ್ತಾರೆ. ಅನುಭವಿ ತಂಡ ಆಗ ಎಳೆಯುವುದೇ ಇಲ್ಲ. ಎದುರಿನವರ ಉಸಿರು ತಪ್ಪುವುದನ್ನು ಕಾಯುತ್ತದೆ. ಎಳೆಯುವವರಿಗೆ ಎದುರಿನ ತಂಡ ಪೂರ್ತಿ ಕಾಣುವುದಿಲ್ಲ, ಕಾಣುವುದು ಮುಂದಿನವಳ ಬೆನ್ನು. ಹಾಗಾಗಿ ಬದಿಯಲ್ಲಿ ನಿಂತವರ ಕಣ್ಣೇ ಏಳು ಜನರ ಕಣ್ಣು. ಅವರ ಒಂದು ಕೂಗಿಗೆ ಹದಿನಾಲ್ಕು ಕಾಲುಗಳು ಒಟ್ಟಿಗೆ ಹಿಂದೆ ಸರಿಯಬೇಕು. ಒಬ್ಬಳ ಕಾಲು ಅರೆಕ್ಷಣ ತಡವಾದರೆ ಆರು ಜನರ ಬಲ ವ್ಯರ್ಥ.

ತಂಡ ಹುಟ್ಟಿದ್ದು ಒಂದು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ. ಸಂಘದ ವಾರ್ಷಿಕೋತ್ಸವಕ್ಕೆ ತಮಾಷೆಗೆ ಎಳೆದರಂತೆ, ಗೆದ್ದರಂತೆ, ಎದುರಿನ ತಂಡದವರು ‘ನಮ್ಮೂರಿಗೆ ಬನ್ನಿ ನೋಡುವ’ ಎಂದರಂತೆ. ಮುಂದಿನ ವಾರ ಸಂಘದಿಂದ ಸಾಲ ಪಡೆದು ಹಗ್ಗ ಕೊಂಡರು. ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ, ಮನೆಯ ಹೆಂಚಿಗೆ ಎಂದು ಬರೆದ ಸಾಲದ ಪುಸ್ತಕದಲ್ಲಿ ‘ಹಗ್ಗಕ್ಕೆ’ ಎಂದೂ ಒಂದು ಸಾಲಿದೆ. ಬಹುಮಾನದ ಹಣದಲ್ಲಿ ಅದು ತೀರಿದೆ.

ಇವರ ಪರಿಚಯ ನನಗೆ ಮುಖಗಳಿಗಿಂತ ಮೊದಲು ಕೈಗಳಿಂದ ಆಯಿತು. ನೀರು ಕೊಡುವವಳಿಗೆ ಕಾಣುವುದು ಕೈಗಳೇ ತಾನೆ. ಅಕ್ಕತಂಗಿಯರಿಬ್ಬರು ಬೀಡಿ ಕಟ್ಟುವವರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಾವಿರಕ್ಕಿಷ್ಟು ಎಂದು ಕೂಲಿ. ಅವರ ಬೆರಳ ತುದಿ ಎಷ್ಟು ನುಣುಪಾಗಿದೆಯೆಂದರೆ ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದೇ ಇಲ್ಲ. ಅಂಗೈಯಲ್ಲಿ ಮಾತ್ರ ಹಗ್ಗದ ದಡ್ಡು. ಮೊದಲ ಸ್ಥಾನದಲ್ಲಿ ಎಳೆಯುವವಳು ಹೋಂ ನರ್ಸ್, ರಾತ್ರಿ ಪಾಳಿಯಲ್ಲಿ ಒಂಬತ್ತನೆಯ ಮಾಳಿಗೆಯ ವೃದ್ಧರೊಬ್ಬರನ್ನು ಹೊರಳಿಸಿ ಮಲಗಿಸುವವಳು. ಮೈ ತೂಕವನ್ನು ಬೆನ್ನು ನೋಯದಂತೆ ಹೇಗೆ ಎತ್ತಬೇಕು ಎಂದು ಉಳಿದವರಿಗೆ ಕಲಿಸಿದ್ದು ಅವಳು. ಕೋರ್ಟಿನ ಬಳಿ ಅಫಿಡವಿಟ್ ಟೈಪ್ ಮಾಡುವವಳು ತಂಡದ ಲೆಕ್ಕ ಬರೆಯುತ್ತಾಳೆ. ಕಾಲೇಜು ಕ್ಯಾಂಟೀನಿನ ಅಡುಗೆಯವರು ಆರನೆಯವರು. ಬಟ್ಟೆಯಂಗಡಿಯಲ್ಲಿ ಹತ್ತು ಗಂಟೆ ನಿಂತು ಸೀರೆ ಬಿಡಿಸಿ ತೋರಿಸುವ ಇಪ್ಪತ್ತೆರಡರ ಹುಡುಗಿ ಎಲ್ಲರಿಗಿಂತ ಕಿರಿಯವಳು. ಆ್ಯಂಕರ್, ಮೀನು ಮಾರುವವರು. ಬೆಳಿಗ್ಗೆ ನಾಲ್ಕೂವರೆಗೆ ಬಂದರಿಗೆ ಹೋಗಿ ಮೀನು ಹಿಡಿದು, ಬುಟ್ಟಿ ಹೊತ್ತು, ಮನೆಮನೆಗೆ ಮಾರಿ, ಹನ್ನೊಂದಕ್ಕೆ ಮರಳುವವರು. ‘ನನಗೆ ಹಿಂದೆ ನಿಲ್ಲುವುದು ಹೊಸತಾ? ಮಾರ್ಕೆಟ್ಟಿನಲ್ಲಿ ಕ್ಯೂ ನಿಂತೇ ಜೀವನ ಹೋಗಿದೆ’ ಎನ್ನುತ್ತಾರೆ.

ಒಂದು ಸಂಜೆ ಮಳೆ ಹನಿದು ಅಭ್ಯಾಸ ನಿಂತಾಗ ಬಟ್ಟೆಯಂಗಡಿಯ ಹುಡುಗಿ ಮೊಬೈಲಿನಲ್ಲಿ ಒಂದು ಹಳೆಯ ವಿಡಿಯೊ ತೋರಿಸಿದಳು. ಮಂಜುಗಡ್ಡೆಯ ಮೇಲೆ ಒಬ್ಬಳು ಹಿಡಿಕೆಯಿರುವ ಕಲ್ಲೊಂದನ್ನು ಜಾರಿಸುತ್ತಾಳೆ, ಇಬ್ಬರು ಅದರ ಮುಂದೆ ಜೋರಾಗಿ ಗುಡಿಸುತ್ತ ಓಡುತ್ತಾರೆ, ದೂರದಲ್ಲಿ ಕನ್ನಡಕದ ಹುಡುಗಿಯೊಬ್ಬಳು ಗಂಟಲು ಹರಿಯುವ ಹಾಗೆ ಕೂಗುತ್ತಾಳೆ. ಕರ್ಲಿಂಗ್. 2018ರಲ್ಲಿ ದಕ್ಷಿಣ ಕೊರಿಯಾದ ಪಿಯೊಂಗ್‌ಚಾಂಗ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್.

‘ಗುಡಿಸುವುದಕ್ಕೂ ಪದಕವಾ?’ ಎಂದು ಕ್ಯಾಂಟೀನಿನವರು ಕೇಳಿದರು. ‘ಹಾಗಾದರೆ ನನ್ನ ಮನೆಯಲ್ಲಿ ಕಪಾಟು ಸಾಲದು.’

ನಾನು ಓದಿ ತಿಳಿದಷ್ಟನ್ನು ಹೇಳಿದೆ. ಹೆಚ್ಚುಕಡಿಮೆ ಇಪ್ಪತ್ತು ಕೆ.ಜಿ.ಯ ಗ್ರಾನೈಟ್ ಕಲ್ಲು ಅದು. ಗುಡಿಸಿದರೆ ಮಂಜಿನ ಮೇಲ್ಮೈ ಸ್ವಲ್ಪ ಬಿಸಿಯಾಗಿ ಘರ್ಷಣೆ ಕಡಿಮೆಯಾಗುತ್ತದೆ, ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಹೋಗುತ್ತದೆ. ಕೂಗುವವಳು ನಾಯಕಿ, ಕಿಮ್ ಉನ್‌ಜಂಗ್. ಅವಳು ಕೂಗುತ್ತಿರುವುದು ಗುಡಿಸುವ ಗೆಳತಿಯ ಹೆಸರನ್ನು, ಯೊಂಗ್‌ಮಿ. ಇವರ ಊರು ಉಯಿಸೊಂಗ್, ಬೆಳ್ಳುಳ್ಳಿ ಬೆಳೆಗೆ ಹೆಸರಾದ ಸಣ್ಣ ಊರು. ಹಾಗಾಗಿ ಜಗತ್ತು ಇವರನ್ನು ಬೆಳ್ಳುಳ್ಳಿ ಹುಡುಗಿಯರು ಎಂದು ಕರೆಯಿತು. ಶಾಲೆಯಲ್ಲಿದ್ದಾಗ ಹವ್ಯಾಸಕ್ಕೆಂದು ಶುರು ಮಾಡಿದವರು. ತಂಡದಲ್ಲಿ ಅಕ್ಕತಂಗಿಯರೂ ಇದ್ದಾರೆ. ಫೈನಲ್‌ನಲ್ಲಿ ಸ್ವೀಡನ್ನಿಗೆ ಸೋತು ಬೆಳ್ಳಿ ಗೆದ್ದರು. ಅದೇ ವರ್ಷದ ಕೊನೆಗೆ ಅವರೆಲ್ಲ ಸೇರಿ, ತರಬೇತಿ ಕೊಡುತ್ತಿದ್ದವರು ತಮ್ಮನ್ನು ಹೀನಾಯವಾಗಿ ನಡೆಸಿಕೊಂಡರು, ಬಹುಮಾನದ ಹಣವನ್ನೂ ಸರಿಯಾಗಿ ಕೊಡಲಿಲ್ಲ ಎಂದು ದೂರಿದರು. ಸರ್ಕಾರದ ತನಿಖೆ ದೂರನ್ನು ಎತ್ತಿಹಿಡಿಯಿತು. ಅವರು ಆಟ ಬಿಡಲಿಲ್ಲ, 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಬೆಳ್ಳಿ ಗೆದ್ದರು.

ಟೈಪಿಸ್ಟ್ ತಲೆಯಾಡಿಸಿದಳು. ‘ಅದಕ್ಕೇ ನಾನು ಹೇಳುವುದು, ಲೆಕ್ಕದ ಪುಸ್ತಕ ನಮ್ಮ ಕೈಯಲ್ಲೇ ಇರಬೇಕು.’

ಆ ಕೊರಿಯಾದ ಹುಡುಗಿಯರು ಬೆಳಗಿನ ಉಪಾಹಾರದ ತಿಂಡಿಗಳಿಂದ ತಮಗೆ ಅಡ್ಡಹೆಸರು ಇಟ್ಟುಕೊಂಡಿದ್ದರು ಎಂದು ಹೇಳಿದ್ದೇ ತಡ, ಹಲಸಿನ ಮರದಡಿ ನಾಮಕರಣ ಶುರುವಾಯಿತು. ತೆಳ್ಳಗಿನ ನರ್ಸ್ ನೀರುದೋಸೆ. ಅಕ್ಕತಂಗಿಯರು ಮೂಡೆ ಮತ್ತು ಗುಂಡ. ಒಂದೇ ಹಿಟ್ಟು, ಸುತ್ತಿದ ಎಲೆ ಬೇರೆ. ಟೈಪಿಸ್ಟ್ ಶ್ಯಾವಿಗೆ, ಕ್ಯಾಂಟೀನಿನವರು ಗೋಳಿಬಜೆ, ಹುಡುಗಿ ಬನ್ಸ್. ಆ್ಯಂಕರ್ ತಮಗೆ ತಾವೇ ಪುಂಡಿ ಎಂದು ಹೆಸರಿಟ್ಟುಕೊಂಡರು. ‘ಉರುಟು, ಗಟ್ಟಿ, ಹೊಟ್ಟೆಗೆ ಬಿದ್ದರೆ ಮಧ್ಯಾಹ್ನದವರೆಗೆ ಅಲ್ಲಾಡುವುದಿಲ್ಲ.’ ಅಜ್ಜಿಗೆ ಕಷಾಯ ಎಂದರು. ನಾನು ಯಾವ ತಿಂಡಿ ಎಂದು ಕೇಳಿದೆ. ಬಾಟಲಿ ಹಿಡಿಯುವವರು ನೀರು ಅಷ್ಟೇ ಎಂದರು. ಅಂದಿನಿಂದ ನಮ್ಮ ನಡುವೆ ಈ ಹೆಸರುಗಳೇ ಬಳಕೆಯಲ್ಲಿವೆ, ಇಲ್ಲಿಯೂ ಅವನ್ನೇ ಬಳಸುತ್ತೇನೆ.

ತಂಡದ ತಿರುಗಾಟ ಶನಿವಾರ ರಾತ್ರಿ ಅಥವಾ ಭಾನುವಾರ. ಗೋಳಿಬಜೆಯ ಗಂಡನ ಓಮ್ನಿ, ಹಿಂದಿನ ಸೀಟು ಕಳಚಿಟ್ಟು ಅಲ್ಲಿ ಹಗ್ಗ, ಹಗ್ಗದ ಮೇಲೆ ನಾವು. ಕಿನ್ನಿಗೋಳಿ, ಮೂಡುಬಿದಿರೆ, ಬಿ.ಸಿ. ರೋಡು, ವಿಟ್ಲ. ಹೊರಡುವ ಮೊದಲು ಪ್ರತಿಯೊಬ್ಬರ ಮನೆಯಲ್ಲೂ ಒಂದು ಸಣ್ಣ ಪಂದ್ಯ ಮುಗಿದಿರುತ್ತದೆ. ರಾತ್ರಿಯ ಸಾರು ಮಾಡಿಟ್ಟಾಗಿದೆಯಾ, ನಾಳೆಯ ಬೀಡಿ ಎಲೆ ನೆನೆಸಿದೆಯಾ, ಅತ್ತೆಗೆ ಮಾತ್ರೆ ಕೊಟ್ಟಾಯಿತಾ. ನೀರುದೋಸೆ ಪಾಳಿ ಬದಲಿಸಿಕೊಂಡ ಋಣ ಯಾವಾಗಲೂ ಎರಡು ಮೂರು ಜನರ ಹತ್ತಿರ ಇರುತ್ತದೆ. ಬನ್ಸ್ ಮನೆಯಲ್ಲಿ ‘ಸಂಘದ ಮೀಟಿಂಗ್’ ಎಂದು ಹೇಳಿ ಬರುತ್ತಾಳೆ. ಅದು ಸುಳ್ಳೂ ಅಲ್ಲ.

ಹೆಂಗಸರ ಪಂದ್ಯಕ್ಕೆ ಹೆಚ್ಚಿನ ಕಡೆ ತೂಕದ ಕಟ್ಟುಪಾಡು ಇರುವುದಿಲ್ಲ. ಇದ್ದ ಕಡೆ ಏಳು ಜನರ ಒಟ್ಟು ತೂಕ ಇಂತಿಷ್ಟರ ಒಳಗೆ ಎಂದಿರುತ್ತದೆ. ನಾವು ಹೋಗುತ್ತಿದ್ದ ಕೆಲವು ಪಂದ್ಯಾಟಗಳಲ್ಲಿ ಮಿತಿ 430 ಕೆ.ಜಿ. ವೇದಿಕೆಯ ಪಕ್ಕ ತಕ್ಕಡಿ ಇಟ್ಟು ಒಬ್ಬೊಬ್ಬರನ್ನೇ ಹತ್ತಿಸಿ, ಅಂಕಿಯನ್ನು ಮೈಕಿನಲ್ಲಿ ಓದುತ್ತಾರೆ. ಮೊದಲ ಸಲ ನನಗೆ ಮುಜುಗರವಾಯಿತು. ನಮ್ಮಲ್ಲಿ ಹೆಂಗಸರ ವಯಸ್ಸು, ತೂಕ ಕೇಳಬಾರದು ಎನ್ನುತ್ತಾರೆ, ಇಲ್ಲಿ ಇಡೀ ಊರಿಗೆ ಕೇಳುವ ಹಾಗೆ ಧ್ವನಿವರ್ಧಕದಲ್ಲಿ. ಪುಂಡಿ ತಕ್ಕಡಿ ಹತ್ತಿದಾಗ ಉದ್ಘೋಷಕ ‘ಎಂಬತ್ತನಾಲ್ಕು!’ ಎಂದ. ಜನ ಹೋ ಎಂದರು. ಪುಂಡಿ ಎರಡೂ ಕೈ ಎತ್ತಿ ಜನರಿಗೆ ನಮಸ್ಕಾರ ಮಾಡಿದರು, ಚುನಾವಣೆ ಗೆದ್ದವರ ಹಾಗೆ. ಎಂಬತ್ತನಾಲ್ಕು ಅಲ್ಲಿ ಅವಮಾನವಲ್ಲ, ಬಂಡವಾಳ.

ಲೆಕ್ಕ ಹೀಗಿತ್ತು. ನೀರುದೋಸೆ 49, ಮೂಡೆ 58, ಗುಂಡ 56, ಶ್ಯಾವಿಗೆ 63, ಗೋಳಿಬಜೆ 71, ಬನ್ಸ್ 52, ಪುಂಡಿ 84. ಒಟ್ಟು 433. ಮೂರು ಕೆ.ಜಿ. ಹೆಚ್ಚು. ಹಾಗಾಗಿ ತೂಕದ ಪಂದ್ಯಕ್ಕೆ ಹೋಗುವ ಹಿಂದಿನ ದಿನ ಸಾಮೂಹಿಕ ಉಪವಾಸ. ಬಳೆ, ಸರ, ಕಾಲುಂಗುರ ಎಲ್ಲ ತೆಗೆದು ನನ್ನ ಚೀಲಕ್ಕೆ. ಶ್ಯಾವಿಗೆ ಪ್ರತಿ ಭಾನುವಾರ ಎಲ್ಲರನ್ನೂ ತೂಗಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ಗೆರೆ ಎಳೆದ ಅಕೌಂಟ್ಸ್ ಪುಸ್ತಕ, ಒಬ್ಬೊಬ್ಬರಿಗೆ ಒಂದು ಕಂಬಸಾಲು.

ನನ್ನ ಹಾಡುಗಳ ವಿಷಯ ಏನಾಯಿತು ಎಂದರೆ, ಕಷಾಯಜ್ಜಿ ಹಾಡಲೇ ಇಲ್ಲ. ಆದರೆ ಒಂದು ದಿನ ಅವರೇ ಹೇಳಿದ ಮಾತು ನನ್ನ ಅಧ್ಯಾಯದ ದಿಕ್ಕನ್ನು ತಿರುಗಿಸಿತು. ‘ಓಬೇಲೆ ಇಡೀ ದಿನದ ಕೆಲಸಕ್ಕೆ ಇರುವುದು. ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ, ಅದು ಮರೆಯಲಿಕ್ಕೆ. ಇಲ್ಲಿ ಮೂರು ನಿಮಿಷ. ಹಾಡಿದರೆ ಉಸಿರು ಖಾಲಿ. ಇಲ್ಲಿ ಒಂದು ಸ್ವರ ಸಾಕು. ಆದರೆ ಕಾಲು ಅದೇ.’ ಕಾಲು ಅದೇ ಎಂದರೇನು ಎಂದು ಕೇಳಿದೆ. ‘ನೇಜಿ ನೆಡುವವರು ಯಾವ ಕಡೆಗೆ ನಡೆಯುತ್ತಾರೆ?’ ಎಂದು ಅವರೇ ಕೇಳಿದರು.

ಹಿಂದಕ್ಕೆ. ನೆಟ್ಟದ್ದನ್ನು ತುಳಿಯಬಾರದಲ್ಲ. ಬಗ್ಗಿ, ನೆಟ್ಟು, ಒಂದು ಹೆಜ್ಜೆ ಹಿಂದೆ. ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಹಿಂದೆ ಸರಿಯಲು ಹಾಡಿನ ತಾಳ. ಕೈರಂಪಣಿಯೂ ಹಾಗೆಯೇ. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗ ಹಿಡಿದ ಎರಡು ಸಾಲು ಜನ ದಡದ ಮರಳಿನಲ್ಲಿ ಹಿಂದೆ ಹಿಂದೆ ನಡೆದು ಬಲೆಯನ್ನು ದಡಕ್ಕೆ ತರುತ್ತಾರೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಕರಾವಳಿಯ ದೊಡ್ಡ ರಂಪಣಿಗಳು ಮೂಲೆ ಸೇರಿದವು, ನೂರಾರು ಜನ ಒಟ್ಟಿಗೆ ಹಗ್ಗ ಹಿಡಿಯುವ ಕೆಲಸವೂ ಹೋಯಿತು. ರಥಸಪ್ತಮಿಯ ಕೊಡಿಯಾಲ್ ತೇರಿನ ಹಗ್ಗವನ್ನು ಈಗಲೂ ಜನ ಎಳೆಯುತ್ತಾರೆ, ಆದರೆ ಅದು ಹಬ್ಬ, ವರ್ಷಕ್ಕೊಮ್ಮೆ. ದುಡಿಮೆಯ ಹಗ್ಗ ಹೋಯಿತು. ಜನ ಒಟ್ಟಿಗೆ ಹಿಂದಕ್ಕೆ ನಡೆಯುವ ಅಭ್ಯಾಸ ಆಟದಲ್ಲಿ ಉಳಿಯಿತೇ? ಹಾಡಿನ ಪಠ್ಯ ಹುಡುಕುತ್ತಿದ್ದ ನಾನು ಆಮೇಲೆ ಅಜ್ಜಿಯ ಕೂಗುಗಳನ್ನು ರೆಕಾರ್ಡ್ ಮಾಡತೊಡಗಿದೆ. ಪತ್ತುಲೆ, ಉಂತುಲೆ, ಬುಡಡೆ, ಒಯ್ಪುಲೆ. ಹಿಡಿಯಿರಿ, ನಿಲ್ಲಿ, ಬಿಡಬೇಡಿ, ಎಳೆಯಿರಿ. ನಾಲ್ಕೇ ಮಾತು. ಪ್ರತಿ ಮಾತಿಗೂ ಬೇರೆ ಬೇರೆ ಎಳೆತ, ಬೇರೆ ಶ್ರುತಿ. ಮಾರ್ಗದರ್ಶಕರು ಕೇಳಿ, ‘ಇದು ಹಾಡಲ್ಲವಲ್ಲ’ ಎಂದರು. ಸ್ವಲ್ಪ ತಡೆದು, ‘ಆದರೂ ಇಟ್ಟುಕೊಳ್ಳಿ’ ಎಂದರು.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ತಂಡಕ್ಕೆ ಒಳ್ಳೆಯ ಕಾಲ. ಮಾರ್ಚ್ ಮೊದಲ ವಾರ ಮಂಜೇಶ್ವರದ ಕಡೆ ಒಂದು ದೊಡ್ಡ ಪಂದ್ಯ, ತೂಕದ್ದು. ಅದಕ್ಕೆ ಹತ್ತು ದಿನವಿರುವಾಗ ಶ್ಯಾವಿಗೆ ಪುಸ್ತಕ ನೋಡಿ ಖುಷಿಯಿಂದ, ‘ಈ ಸಲ ಉಪವಾಸ ಬೇಡ. ಒಟ್ಟು 423’ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಚಪ್ಪಾಳೆ ತಟ್ಟಲಿಲ್ಲ. ‘ಯಾರದ್ದು ಕಡಿಮೆಯಾಯಿತು?’ ಎಂದು ಕೇಳಿದರು. ಶ್ಯಾವಿಗೆ ಕಂಬಸಾಲುಗಳ ಮೇಲೆ ಬೆರಳಾಡಿಸಿದಳು. ಆರು ಜನರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಏಳನೆಯದನ್ನು ಮೇಲಿಂದ ಕೆಳಕ್ಕೆ ಓದಿದಳು. 84, 82, 79, 77, 74.

ಪುಂಡಿ ನಕ್ಕರು. ‘ಒಳ್ಳೆಯದೇ ಆಯಿತಲ್ಲ. ಎಲ್ಲರೂ ಸಪೂರ ಆಗಿದ್ದೀ ಎನ್ನುತ್ತಾರೆ.’ ಮೀನು ಕೊಳ್ಳುವ ಮನೆಗಳಲ್ಲಿ ಏನು ಡಯಟ್ ಎಂದು ಕೇಳಿದ್ದರಂತೆ. ಸೊಸೆ ಹೊಸ ರವಿಕೆ ಹೊಲಿಸಿಕೊಟ್ಟಿದ್ದಳಂತೆ.

ಅಜ್ಜಿ ನನ್ನ ಕಡೆ ತಿರುಗಿ, ‘ಇವಳು ಎಷ್ಟು ನೀರು ಕುಡಿಯುತ್ತಾಳೆ?’ ಎಂದರು. ನಾನು ಇದ್ದದ್ದನ್ನು ಹೇಳಿದೆ. ಹಿಂದೆ ಏಳು ಜನರಿಗೆ ನಾಲ್ಕು ಬಾಟಲಿ ಸಾಕಾಗುತ್ತಿತ್ತು, ಈಗ ಆರು ತರುತ್ತೇನೆ, ಎರಡು ಅವರೊಬ್ಬರಿಗೇ ಹೋಗುತ್ತದೆ. ಸೆಕೆಗಾಲ ಶುರುವಾಯಿತೆಂದು ಎಲ್ಲರೂ ಅಂದುಕೊಂಡಿದ್ದೆವು. ರಾತ್ರಿ ಎಷ್ಟು ಸಲ ಏಳುತ್ತೀ ಎಂದು ನೀರುದೋಸೆ ಕೇಳಿದಳು. ನಾಲ್ಕೈದು ಸಲ. ಅಜ್ಜಿಯ ಗಂಡ ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ತೀರಿಕೊಂಡವರು. ಅವರು ಹೆಚ್ಚು ಮಾತಾಡಲಿಲ್ಲ. ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ’ ಎಂದರು.

ಅಲ್ಲಿಯೇ ಜಗಳವಾಯಿತು. ಪಂದ್ಯ ಮುಗಿಯಲಿ, ಆಮೇಲೆ ಹೋದರಾಯಿತು, ಹತ್ತು ದಿನದಲ್ಲಿ ಏನಾಗುತ್ತದೆ ಎಂದರು ಗೋಳಿಬಜೆ. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಮೊದಲ ಬಹುಮಾನ ದೊಡ್ಡದಿತ್ತು, ಮೂಡೆಯ ಮಗಳ ಕಾಲೇಜು ಫೀಸಿಗೆ ಆ ಹಣವನ್ನು ಮನಸ್ಸಿನಲ್ಲೇ ಹಂಚಿಯಾಗಿತ್ತು. ಪುಂಡಿಯೂ ಅದನ್ನೇ ಹೇಳಿದರು. ಅವರ ಹೆದರಿಕೆ ಕಾಯಿಲೆಯದ್ದಲ್ಲ, ಜಾಗದ್ದು. ‘ಆಸ್ಪತ್ರೆಯವರು ಬೇಡ ಎಂದರೆ ಹಿಂದೆ ಯಾರು ನಿಲ್ಲುವುದು?’ ಮೂಡೆ, ಯಾರ ಫೀಸಿನ ಮಾತೋ ಅವಳೇ, ಹಗ್ಗವನ್ನು ಸುರುಳಿ ಸುತ್ತಿ ರಾಟೆಯಿಂದ ಕೆಳಗಿಳಿಸಿದಳು. ‘ಇವರು ಹೋಗಿ ಬರುವವರೆಗೆ ನಾನು ಮುಟ್ಟುವುದಿಲ್ಲ’ ಎಂದಳು. ಅಕ್ಕ ಬಿಟ್ಟ ಮೇಲೆ ತಂಗಿಯೂ ಬಿಟ್ಟಳು. ಜಗಳ ಮುಗಿಯಿತು.

ರಕ್ತದ ಸಕ್ಕರೆ ಖಾಲಿ ಹೊಟ್ಟೆಯಲ್ಲೇ ಮುನ್ನೂರು ದಾಟಿತ್ತು. ಸರ್ಕಾರಿ ಆಸ್ಪತ್ರೆಯ ವೈದ್ಯೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ತಿಂದದ್ದು ಸಕ್ಕರೆಯಾಗಿ ರಕ್ತದಲ್ಲೇ ಉಳಿಯುತ್ತದೆ, ಮೈ ಅದನ್ನು ಬಳಸಲಾರದೆ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ, ಅದಕ್ಕೇ ತೂಕ ಇಳಿಯುತ್ತದೆ. ತೂಕ ಇಷ್ಟು ಇಳಿದದ್ದು ಗೊತ್ತಾದದ್ದು ಹೇಗೆ ಎಂದು ಕೇಳಿದಾಗ ಶ್ಯಾವಿಗೆ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯೆ ಆ ಕಂಬಸಾಲನ್ನು ತುಸು ಹೊತ್ತು ನೋಡಿ, ‘ಇಷ್ಟು ಚೆಂದದ ದಾಖಲೆ ನನಗೆ ಯಾವ ರೋಗಿಯೂ ತಂದುಕೊಟ್ಟಿಲ್ಲ’ ಎಂದರು.

ನಾನು ಆಮೇಲೆ ಬಹಳ ದಿನ ಇದನ್ನೇ ಯೋಚಿಸಿದೆ. ಮನೆಯಲ್ಲಿ, ಬೀದಿಯಲ್ಲಿ, ಮೀನು ಕೊಳ್ಳುವವರ ಬಾಗಿಲಲ್ಲಿ ಹೆಂಗಸೊಬ್ಬಳು ಕರಗುತ್ತ ಹೋದರೆ ಅದಕ್ಕೆ ಮೆಚ್ಚುಗೆ ಸಿಗುತ್ತದೆ. ಅವಳ ಹತ್ತು ಕೆ.ಜಿ. ನಷ್ಟ ಎಂದು ಯಾರಿಗಾದರೂ ಅನ್ನಿಸಬೇಕಾದರೆ ಅವಳ ತೂಕದ ಮೇಲೆ ಯಾರಾದರೂ ಒರಗಿ ನಿಂತಿರಬೇಕು. ಈ ಆರು ಜನ ವಾರಕ್ಕೆ ಮೂರು ಸಂಜೆ ಹಾಗೆ ಒರಗಿ ನಿಂತವರು. ಗುಂಡ ಆಮೇಲೆ ಹೇಳಿದಳು, ‘ಹಿಂದಿನಿಂದ ಹಗ್ಗ ಸ್ವಲ್ಪ ಹಗುರ ಅನಿಸುತ್ತಿತ್ತು. ನಾನು ನನ್ನದೇ ಕಾಲು ಜಾರುತ್ತಿದೆ ಅಂದುಕೊಂಡೆ.’

ಮಂಜೇಶ್ವರಕ್ಕೆ ಹೋದೆವು. ನೇತ್ರಾವತಿ ಸೇತುವೆ ದಾಟಿ, ತಲಪಾಡಿಯ ಗಡಿ ದಾಟಿ. ಉದ್ಘೋಷಕರು ಒಂದೇ ಉಸಿರಿನಲ್ಲಿ ತುಳು, ಕನ್ನಡ, ಮಲಯಾಳ ಮೂರನ್ನೂ ಹೆಣೆಯುತ್ತಿದ್ದರು. ಗೋಳಿಬಜೆ ಆ್ಯಂಕರ್ ಆದರು, ಅವರ ಕ್ಯಾಂಟೀನಿನ ಜೊತೆಗಾರ್ತಿ ಏಳನೆಯವರಾಗಿ ಸೇರಿದರು. ಪುಂಡಿ ಸ್ಟೀಲ್ ಡಬ್ಬಿಯಲ್ಲಿ ಸಮಯಕ್ಕೆ ಸರಿಯಾಗಿ ತಿನ್ನಬೇಕಾದ್ದನ್ನು ಇಟ್ಟುಕೊಂಡು ನನ್ನ ಪಕ್ಕ ನಿಂತಿದ್ದರು, ಬಾಟಲಿಗಳಲ್ಲಿ ಎರಡನ್ನು ತಾವೇ ಹಿಡಿದಿದ್ದರು. ಎರಡು ಸುತ್ತು ಗೆದ್ದೆವು. ಸೆಮಿಫೈನಲ್‌ನಲ್ಲಿ ಎದುರಿದ್ದದ್ದು ಕಾಸರಗೋಡಿನ ಕಡೆಯ ತಂಡ, ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮೊದಲ ಎಳೆತ ಅವರದ್ದು, ಎರಡನೆಯದು ನಮ್ಮದು. ಮೂರನೆಯದು ಎಷ್ಟು ಹೊತ್ತು ನಡೆಯಿತೆಂದರೆ ಬೊಬ್ಬೆ ಹೊಡೆಯುತ್ತಿದ್ದ ಜನ ಸುಮ್ಮನಾದರು. ಅಜ್ಜಿಯ ‘ಬುಡಡೆ’ ಒಂದೇ ಕೇಳುತ್ತಿತ್ತು. ಕೊನೆಗೆ ನೀರುದೋಸೆಯ ಹಿಮ್ಮಡಿ ಕಿತ್ತು ಬಂತು, ಆಮೇಲೆ ಎಲ್ಲರದೂ. ಮೂರನೆಯ ಸ್ಥಾನ, 3,333 ರೂಪಾಯಿ, ಒಂದು ಬಾಳೆಗೊನೆ. ಹಿಂದಿರುಗುವಾಗ ಓಮ್ನಿಯಲ್ಲಿ ಗೊನೆ ಹಗ್ಗದ ಮೇಲೆ, ನಾವು ಗೊನೆಯ ಪಕ್ಕ. ಪುಂಡಿಗೆ ಬಾಳೆಹಣ್ಣು ಬೇಡ ಎಂದು ಆರು ಜನ ಆರು ಸಲ ಹೇಳಿದರು.

ಬನ್ಸ್‌ಗೆ ಮದುವೆ ಗೊತ್ತಾಗಿದೆ. ಮುಂಬೈಗೆ ಹೋಗುತ್ತಾಳೆ. ಹುಡುಗನ ಮನೆಯವರು ನೋಡಲು ಬಂದ ದಿನ ಅಂಗೈ ತೋರಿಸಬಾರದು ಎಂದು ಅಮ್ಮ ಹೇಳಿದ್ದರಂತೆ. ಕಾಫಿ ಲೋಟ ಕೊಡುವಾಗ ಹುಡುಗ ದಡ್ಡನ್ನು ನೋಡಿ ಏನಿದು ಎಂದು ಕೇಳಿದನಂತೆ. ಹೇಳಿದಳಂತೆ. ‘ಯಾವ ಪೊಸಿಷನ್?’ ಎಂದನಂತೆ. ಅವನೂ ಕಾರ್ಕಳದ ಕಡೆಯವನು. ಹಲಸಿನ ಮರದ ಜಾಗದ ವ್ಯಾಜ್ಯವೂ ಮುಗಿದಿದೆ ಎಂದು ಕೇಳುತ್ತಿದ್ದೇವೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಪಾಯ ತೋಡಬಹುದು. ಅಷ್ಟರೊಳಗೆ ರಾಟೆ ಕಟ್ಟಲು ಇನ್ನೊಂದು ಮರ ಬೇಕು. ಕೊಡಿಯಾಲ್‌ಬೈಲಿನಲ್ಲಿ ಆ ಗಾತ್ರದ ಕೊಂಬೆ ಇರುವ ಮರಗಳನ್ನು ನಾನೂ ಶ್ಯಾವಿಗೆಯೂ ಪಟ್ಟಿ ಮಾಡಿದ್ದೇವೆ. ಸದ್ಯಕ್ಕೆ ನಾಲ್ಕು ಸಿಕ್ಕಿವೆ, ಅದರಲ್ಲಿ ಒಂದು ಜೈಲಿನ ಗೋಡೆಯ ಒಳಗಿದೆ.

ಪುಂಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಬೆಳಗಿನ ಬುಟ್ಟಿ ಬಿಟ್ಟಿಲ್ಲ. ವೈದ್ಯೆ ಹಗ್ಗವನ್ನು ಬೇಡ ಎನ್ನಲಿಲ್ಲ, ಕಾಲಿಗೆ ಗಾಯವಾಗದಂತೆ ಬೂಟು ಹಾಕಿ, ಹೊಟ್ಟೆ ಖಾಲಿ ಬಿಡಬೇಡಿ ಎಂದಷ್ಟೇ ಹೇಳಿದರು. ಹಾಗಾಗಿ ತಂಡದಲ್ಲಿ ಇನ್ನು ಸಾಮೂಹಿಕ ಉಪವಾಸ ಇಲ್ಲ. ತೂಕದ ಪಂದ್ಯಕ್ಕೆ ಮಿತಿ ಮೀರಿದರೆ ಹೋಗುವುದಿಲ್ಲ ಎಂದು ಸಭೆಯಲ್ಲಿ ತೀರ್ಮಾನಿಸಿ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಏಪ್ರಿಲ್ ಕೊನೆಯ ಭಾನುವಾರದ ಸಾಲಿನಲ್ಲಿ ಅವರ ಕಂಬಸಾಲಿನಡಿ 76 ಎಂದಿದೆ. ಶ್ಯಾವಿಗೆ ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಸಣ್ಣ ಗುರುತು ಹಾಕಿದ್ದಾಳೆ.